ಸಿದ್ಧೋಜಿ ಮಾವನ ಮಧ್ಯಾಹ್ನದ ನಿದ್ದೆ

ನಮ್ಮಮ್ಮ ತನ್ನ ಒಡಹುಟ್ಟಿದ ತಮ್ಮನಿಗೆ ಉಪ್ಪಿಲ್ಲದ ಸಾರು ಬಡಿಸತೊಡಗಿದ್ದು ನನ್ನಣ್ಣ ಮೌನೇಶನ ಹಾಡನ್ನು ಕಿತ್ತುಕೊಂಡ ವಾರದಿಂದ. ಅದಕ್ಕೂ ಮೊದಲು ಸಿದ್ಧೋಜಿ ಮಾವ ಪ್ರತಿ ಗುರುವಾರ ನಮ್ಮ ಮನೆಗೆ ಊಟಕ್ಕೆ ಬರುವುದು, ಉಂಡ ಮೇಲೆ ಪಡಸಾಲೆಯ ಬೆಂಚಿನ ಮೇಲೆ ಮೈಚೆಲ್ಲುವುದು, ಸಂಜೆ ಕಾಫಿಯ ಹೊತ್ತಿಗೆ ಏಳುವುದು ರೂಢಿಯಾಗಿತ್ತು. ಆ ಗುರುವಾರವೂ ಏನೂ ಆಗದವನ ಹಾಗೆ ಬಂದ. ಅಮ್ಮ ಮಾತಾಡಲಿಲ್ಲ. ಎಲೆ ಹಾಕಿದಳು, ಅನ್ನ ಬಡಿಸಿದಳು, ಉಪ್ಪು ಹಾಕದ ಸಾರು ಸುರಿದಳು. ಅವನು ಒಂದು ತುತ್ತು ಬಾಯಿಗಿಟ್ಟು ತಲೆಯೆತ್ತಿ ಅಕ್ಕನ ಮುಖ ನೋಡಿದ. ಆಮೇಲೆ ಇನ್ನೊಂದು ಸಲ ಅನ್ನ ಹಾಕಿಸಿಕೊಂಡು ಎಲೆ ಬರಿದು ಮಾಡಿದ. ನನ್ನ ಕಣ್ಣು ಮಾತ್ರ ಅವನ ಎಲೆಯ ಪಕ್ಕದಲ್ಲಿದ್ದ ಹಿತ್ತಾಳೆ ಲೋಟದ ಮೇಲಿತ್ತು. ಯಾರೂ ಮುಟ್ಟದಿದ್ದರೂ ಅದರೊಳಗಿನ ನೀರು ಒಂದೇ ಸಮನೆ ನಡುಗುತ್ತಿತ್ತು.

ನಮ್ಮ ಊರಿನಲ್ಲಿ ಹಾಡು ಒಂದು ಸಲಕ್ಕೆ ಒಬ್ಬರ ಬಳಿ ಮಾತ್ರ ಇರುತ್ತದೆ. ಯಾರ ಕಿವಿಗೆ ಹಾಡುತ್ತೇವೋ ಅವರ ಬಳಿಗೆ ಹೋಗುತ್ತದೆ, ಹಾಡಿದವರಲ್ಲಿ ಉಳಿಯುವುದಿಲ್ಲ. ಬೇರೆ ಊರುಗಳಿಂದ ಸೊಸೆಯಾಗಿ ಬಂದವರು ಮೊದಮೊದಲು ಇದಕ್ಕೆ ತಲೆಕೆಡಿಸಿಕೊಳ್ಳುತ್ತಿದ್ದರು, ಆಮೇಲೆ ತಮ್ಮ ಪಾಡಿಗೆ ಹೊಂದಿಕೊಳ್ಳುತ್ತಿದ್ದರು. ನಮಗೆ ಹಾಡು ಕೊಡುವುದೆಂದರೆ ಪಕ್ಕದ ಮನೆಗೆ ಏಣಿ ಕೊಟ್ಟ ಹಾಗೆ. ಬೇಕಾದಾಗ ಹೋಗಿ ಕೇಳಿ ತರುವುದು, ಅವರು ಇನ್ನೊಬ್ಬರಿಗೆ ಕೊಟ್ಟಿದ್ದರೆ ಅಲ್ಲಿಗೆ ಹೋಗುವುದು. ಮದುವೆ ಗೊತ್ತಾದ ಮನೆಯವರು ಹಸೆಯ ಹಾಡು ಈಗ ಯಾರ ಹತ್ತಿರವಿದೆಯೆಂದು ನಾಲ್ಕಾರು ಬೀದಿ ಅಲೆಯುತ್ತಿದ್ದರು. ಅಲೆದಲ್ಲೆಲ್ಲ ಕಾಫಿ ಆಗುತ್ತಿತ್ತು, ಬೀಗರ ಮೇಲಿನ ದೂರುಗಳೂ ಆಗುತ್ತಿದ್ದವು.

ಆದ್ದರಿಂದ ಹೊಸ ಸರ್ಕಾರ ಬಂದು ಹಾಡು ಕೂಡದು ಎಂದಾಗ ಅದನ್ನು ಜಾರಿಗೆ ತರುವುದು ನಮ್ಮ ಊರಿನಲ್ಲಿ ಬಲು ಸಲೀಸಾಯಿತು. ಬೇರೆ ಕಡೆಗಳಲ್ಲಿ ವಾದ್ಯ ಒಡೆದರಂತೆ, ರೇಡಿಯೋ ಹೊತ್ತುಕೊಂಡು ಹೋದರಂತೆ. ಇಲ್ಲಿ ಒಬ್ಬ ಕಿವಿಗಾರನನ್ನು ನೇಮಿಸಿಕೊಂಡರೆ ಸಾಕಾಯಿತು. ಹಾಡಿ ಸಿಕ್ಕಿಬಿದ್ದವರನ್ನು ಹಳೆಯ ದವಸದ ಉಗ್ರಾಣಕ್ಕೆ ಕರೆತಂದು ಅವನ ಎದುರು ಕೂರಿಸಿ ಹಾಡಿಸುತ್ತಿದ್ದರು. ಹಾಡಿದವರನ್ನು ಮನೆಗೆ ಕಳಿಸುತ್ತಿದ್ದರು. ಹಾಡದವರನ್ನು ಸೇತುವೆಯ ಆಚೆಗೆ ಕರೆದುಕೊಂಡು ಹೋಗುತ್ತಿದ್ದರು. ಆಚೆಗೆ ಹೋದವರು ಒಬ್ಬರೂ ಹಿಂದಕ್ಕೆ ಬಂದಿರಲಿಲ್ಲ. ಹೀಗಾಗಿ ಹೆಚ್ಚಿನವರು ಹಾಡುತ್ತಿದ್ದರು.

ಆ ಕಿವಿಗಾರನ ಕೆಲಸಕ್ಕೆ ಅವರು ಹುಡುಕಿ ಹುಡುಕಿ ಆರಿಸಿದ್ದು ನಮ್ಮ ಮಾವನನ್ನು. ಅವನು ಅಲ್ಲಿಯವರೆಗೆ ಊರಬಾಗಿಲ ಸುಂಕದ ಕಟ್ಟೆಯಲ್ಲಿ ಗಾಡಿಗಳಿಗೆ ಅಡ್ಡ ಹಾಕಿದ ಬಿದಿರನ್ನು ಎತ್ತುತ್ತ ಇಳಿಸುತ್ತ ಇದ್ದವನು. ಹೆಂಡತಿ ಮಕ್ಕಳಿಲ್ಲ. ರಾಗ ತಾಳಗಳ ಗಂಧಗಾಳಿಯೂ ಇಲ್ಲ. ಭಜನೆಗೆ ಕೂತರೆ ಎಲ್ಲರ ಚಪ್ಪಾಳೆಯೂ ಮುಗಿದ ಮೇಲೆ ಇವನದೊಂದು ಕೇಳಿಸುತ್ತಿತ್ತು. ಇಂಥವನ ಒಳಗೆ ಹೋದ ಹಾಡು ಹೊರಗೆ ಬರುವ ಮಾತೇ ಇಲ್ಲವೆಂದು ಸರ್ಕಾರದವರು ಅಂದಾಜು ಮಾಡಿದ್ದರು. ಅಂದಾಜು ಬಹುಮಟ್ಟಿಗೆ ಸರಿಯಾಗಿಯೇ ಇತ್ತು.

ಹಾಡನ್ನು ತಾವಾಗಿ ಕೊಟ್ಟವರಿಗೆ ಏನೂ ಆಗುವುದಿಲ್ಲ. ಕಿತ್ತುಕೊಂಡರೆ ಮಾತ್ರ ಅವರ ಹೆಜ್ಜೆಯ ಸದ್ದು, ತೊಟ್ಟದ್ದರ ಸದ್ದು ಹೋಗಿಬಿಡುತ್ತದೆ. ಇದು ನಮಗೂ ಮೊದಲು ಗೊತ್ತಿರಲಿಲ್ಲ, ಕಿತ್ತುಕೊಳ್ಳುವ ಪದ್ಧತಿ ಇದ್ದರಲ್ಲವೇ ಗೊತ್ತಾಗುವುದು. ಮೊದಲು ಹೋದದ್ದು ಹೂವು ಮಾರುವ ಲಕ್ಕಕ್ಕನ ಹಾಡು. ಮಾರನೆಯ ಬೆಳಿಗ್ಗೆ ನಾನು ಅಂಗಳಕ್ಕೆ ನೀರು ಹಾಕಿ ತಿರುಗಿದರೆ ಅವಳು ಬೆನ್ನಿಗೆ ತಾಗುವಷ್ಟು ಹತ್ತಿರ ನಿಂತಿದ್ದಳು. ಕೈತುಂಬ ಗಾಜಿನ ಬಳೆ, ಕಾಲಿಗೆ ಗಟ್ಟಿ ಚಪ್ಪಲಿ, ಒಂದೂ ಸದ್ದು ಮಾಡಿರಲಿಲ್ಲ. ನನ್ನ ಕೈಯಿಂದ ಚೆಂಬು ಬಿತ್ತು. ಆಮೇಲೆ ಇಂಥವರು ಒಬ್ಬೊಬ್ಬರಾಗಿ ಹೆಚ್ಚಿದರು. ಸಂತೆಯಲ್ಲಿ ನೂಕುನುಗ್ಗಲು ಇರುತ್ತಿತ್ತು, ಗಲಾಟೆ ಇರುತ್ತಿರಲಿಲ್ಲ. ಜನ ಬೀದಿಯಲ್ಲಿ ನಡೆಯುವಾಗ ಆಗಾಗ ಹಿಂದೆ ತಿರುಗಿ ನೋಡುವುದನ್ನು ರೂಢಿ ಮಾಡಿಕೊಂಡರು.

ಅಷ್ಟಾದರೂ ನಮ್ಮ ವಯಸ್ಸಿನವರು ಹಾಡು ಬಿಟ್ಟಿರಲಿಲ್ಲ. ಬಿಡಿ ಎಂದದ್ದಕ್ಕೇ ಹೆಚ್ಚು ಹಚ್ಚಿಕೊಂಡೆವೋ ಏನೋ. ನಮಗೆ ಸಿಕ್ಕಿದ ಜಾಗ ಹಯಾತ್ ಸಾಬರ ಹಿಟ್ಟಿನ ಗಿರಣಿ. ಪಟ್ಟೆ ತಿರುಗತೊಡಗಿದರೆ ಅಲ್ಲಿ ಪಕ್ಕದವರು ಕಿರುಚಿದರೂ ಕೇಳುವುದಿಲ್ಲ. ಕಿವಿಗೆ ಬಾಯಿ ಹಚ್ಚಿ ಹಾಡಿದರೆ ಆ ಕಿವಿಗೆ ಮಾತ್ರ ಕೇಳುತ್ತದೆ. ಒಂದು ಸೇರು ಅಕ್ಕಿ ಹಿಡಿದುಕೊಂಡು ಹೋಗುವುದು, ಬೀಸಿಸಿಕೊಳ್ಳುವುದು, ಇನ್ನೂ ತರಿಯಾಗಿದೆ ಎಂದು ಅದನ್ನೇ ಮತ್ತೆ ಸಾಲಿನಲ್ಲಿ ಇಡುವುದು. ಹಯಾತ್ ಸಾಬರು ಡಬ್ಬಿಯಲ್ಲಿ ಕೈಯಾಡಿಸಿ, "ಇದನ್ನ ಇನ್ನು ಮುಖಕ್ಕೆ ಹಚ್ಕೋಬೇಕಷ್ಟೇ ಕಣ್ರಮ್ಮಾ, ತಿನ್ನೋಕಾಗಲ್ಲ," ಎನ್ನುತ್ತಿದ್ದರು, ಆದರೆ ಬೀಸಿಕೊಡುತ್ತಿದ್ದರು. ಆ ವರ್ಷ ನಮ್ಮೂರಿನ ಎಲ್ಲ ಮನೆಗಳ ರೊಟ್ಟಿಯೂ ಬೆಣ್ಣೆಯ ಹಾಗೆ ಮೆತ್ತಗಿತ್ತು ಮತ್ತು ಹಿಟ್ಟು ಬೀಸಿ ಬೀಸಿ ಕಾದು ಸೀದ ವಾಸನೆ ಹೊಡೆಯುತ್ತಿತ್ತು.

ಎಲ್ಲರೂ ಕೇಳಿ ಪಡೆಯುತ್ತಿದ್ದದ್ದು ಮೌನೇಶ ಕಟ್ಟಿದ ಹಾಡು. ಅವನದು ಮರಗೆಲಸ, ಬಾಯಿ ಮಾತ್ರ ಹೆಸರಿಗೆ ತದ್ವಿರುದ್ಧ, ನಿಂತಲ್ಲಿ ಕೂತಲ್ಲಿ ಏನಾದರೊಂದು ಗುನುಗುತ್ತಿರಬೇಕು. ಮಾವ ಸುಂಕದ ಕಟ್ಟೆಯಲ್ಲಿದ್ದ ಕಾಲದಲ್ಲಿ ಅವನ ಬಿದಿರನ್ನು ನೋಡಿ ತಮಾಷೆಗೆ ಕಟ್ಟಿದ್ದು: "ಏರೋ ಬಿದಿರೇ, ಇಳಿಯೋ ಬಿದಿರೇ, ಹೋದವರೆಷ್ಟು, ಬಂದವರೆಷ್ಟು." ಇಷ್ಟಕ್ಕೇ ಒಂದು ಎಳೆ, ಒಂದು ಹಾರು, ಕೊನೆಗೆ ಮೂರು ಚಪ್ಪಾಳೆ. ಸೇತುವೆಯ ಆಚೆಗೆ ಜನ ಹೋಗತೊಡಗಿದ ಮೇಲೆ ಅದನ್ನು ಯಾರೂ ತಮಾಷೆಯಾಗಿ ಕೇಳಲಿಲ್ಲ. ಅದು ಕಿವಿಯಿಂದ ಕಿವಿಗೆ ಊರೆಲ್ಲ ಸುತ್ತಿ ಆಗಾಗ ಮೌನೇಶನ ಬಳಿಗೂ ಬರುತ್ತಿತ್ತು. ಬಂದ ದಿನ ಅವನು ಇಬ್ಬರ ಊಟ ಮಾಡುತ್ತಿದ್ದ.

ನಮ್ಮನ್ನು ಹಿಡಿದುಕೊಟ್ಟದ್ದು ಆ ಹಿಟ್ಟೇ. ಉಗ್ರಾಣದ ದಫೇದಾರ ಭುಜಂಗಯ್ಯನಿಗೆ ದಿನಾ ಸೀದ ರೊಟ್ಟಿ ತಿಂದು ತಿಂದು ಬೇಸರ ಬಂದು, ಇದೇನೆಂದು ನೋಡಲು ಒಂದು ಬೆಳಿಗ್ಗೆ ಗಿರಣಿಗೆ ಬಂದ. ಅವನ ಮಗಳೂ ನಮ್ಮ ಜೊತೆ ಡಬ್ಬಿ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದಳೆಂಬುದು ಅವನಿಗೆ ಕೊನೆಯವರೆಗೂ ಹೊಳೆಯಲಿಲ್ಲ. ಅವನು ಬಾಗಿಲಲ್ಲಿ ನಿಂತು ಒಬ್ಬೊಬ್ಬರನ್ನೇ ಹೊರಗೆ ಬಿಡತೊಡಗಿದ. ಗಿರಣಿಯಿಂದ ಬರುವವರ ತಲೆ, ಹುಬ್ಬು, ಮೂಗಿನ ಮೇಲೆಲ್ಲ ಹಿಟ್ಟು ಕೂತಿರುತ್ತದಲ್ಲ. ಮೌನೇಶನ ಮೇಲೂ ಕೂತಿತ್ತು. ನಾನು ಆಗಷ್ಟೇ ಅವನ ಬಲಗಿವಿಗೆ ಬಾಯಿ ಹಚ್ಚಿ ಅವನ ಹಾಡನ್ನು ಅವನಿಗೆ ಒಪ್ಪಿಸಿದ್ದೆ. ಭುಜಂಗಯ್ಯ ಅವನ ಗಲ್ಲ ಹಿಡಿದು ಮುಖವನ್ನು ಅತ್ತಿತ್ತ ತಿರುಗಿಸಿದ. "ಒಂದು ಕಿವಿ ಬೆಳ್ಳಗದೆ, ಇನ್ನೊಂದು ಯಾಕೆ ಕರ್ರಗದೆ ತಮ್ಮ?" ಎಂದ. ನನ್ನ ತುಟಿ ನೋಡಬೇಕೆಂದು ಅವನಿಗೆ ತೋಚಲಿಲ್ಲ. ಗಿರಣಿಗೆ ಅಂದೇ ಬೀಗ ಬಿತ್ತು, ಹಯಾತ್ ಸಾಬರು ಏನೂ ಹಾಡದೆ ಸೇತುವೆ ದಾಟಿ ಹೋದರು.

ಉಗ್ರಾಣದ ಕಿಟಕಿಯ ಹೊರಗೆ ನಾನೂ ಅಮ್ಮನೂ ನಿಂತಿದ್ದೆವು. ಒಳಗೆ ಮಾವ ಮೇಜಿನ ಹಿಂದೆ, ಮುಂದೆ ನೀರು ತುಂಬಿದ ಲೋಟ. ಅವನೊಳಗೆ ಹಾಡು ಹೆಚ್ಚಿದಷ್ಟೂ ಹತ್ತಿರವಿದ್ದ ನೀರು ನಡುಗುತ್ತಿತ್ತು, ಅದನ್ನು ನೋಡಿ ಭುಜಂಗಯ್ಯ ಎಲ್ಲ ಭದ್ರವಾಗಿದೆಯೆಂದು ಖಾತ್ರಿ ಮಾಡಿಕೊಳ್ಳುತ್ತಿದ್ದ. ಮೌನೇಶ ಬಾಯಿ ಬಿಗಿದು ಕೂತಿದ್ದ. ಮಾವ ಮೆಲ್ಲಗೆ, "ಹಾಡ್ಬಿಡೋ ಮೌನ. ಕಿಟಕಿ ಹತ್ರ ನಿಮ್ಮಮ್ಮ ನಿಂತವ್ಳೆ, ಅವಳ ಮುಖ ನೋಡ್ಕೊಂಡು ಹಾಡ್ಬಿಡು," ಎಂದ. ಮೌನೇಶ ನಮ್ಮ ಕಡೆ ನೋಡಿದ. ಆಮೇಲೆ ಹಾಡಿದ. ಅಷ್ಟು ಚೆನ್ನಾಗಿ ಅವನು ಅದನ್ನು ಹಿಂದೆಂದೂ ಹಾಡಿರಲಿಲ್ಲ. ಕೊನೆಯ ಮೂರು ಚಪ್ಪಾಳೆಗೆ ಕೈ ಎತ್ತಿದ, ಮೊದಲನೆಯದು ಕೇಳಿತು, ಎರಡನೆಯದು ಕೇಳಲಿಲ್ಲ. ಅವನು ಹೊರಗೆ ಬಂದು ನನ್ನ ಪಕ್ಕದಲ್ಲಿ ನಿಂತದ್ದು ನನಗೆ ಗೊತ್ತೇ ಆಗಲಿಲ್ಲ.

ಮಾವ ಮಾಡಿದ್ದು ಅವನ ಜೀವ ಉಳಿಸುವ ಕೆಲಸವೆಂದು ಈಗ ಹೇಳಬಹುದು. ಆಗ ಹಾಗನ್ನಿಸಲಿಲ್ಲ. ಅಮ್ಮನಂತೂ ತಮ್ಮನನ್ನು ಮನೆಗೆ ಬರಬೇಡವೆನ್ನಲೂ ಆರಳು, ಬಾ ಎನ್ನಲೂ ಆರಳು, ಸಾರಿಗೆ ಉಪ್ಪು ಬಿಟ್ಟಳು.

ಸದ್ದು ಹೋಗುವ ಪೀಡೆ ಮೌನೇಶನಿಗೆ ಬೇರೆಯವರಿಗಿಂತ ಜೋರಾಗಿ ಹತ್ತಿಕೊಂಡಿತು. ಅದು ಅವನೇ ಕಟ್ಟಿದ ಹಾಡಾಗಿತ್ತಲ್ಲ. ಮೊದಲು ಹೆಜ್ಜೆ ಹೋಯಿತು. ಆಮೇಲೆ ಕೈಕೆಲಸದ ಸದ್ದು. ಹಿತ್ತಲಲ್ಲಿ ಕೂತು ಉಳಿಯ ಮೇಲೆ ಕೊಡತಿಯಿಂದ ಬಡಿಯುತ್ತಿದ್ದ, ಮರದ ಚಕ್ಕೆ ಹಾರುತ್ತಿತ್ತು, ಸದ್ದಿರಲಿಲ್ಲ. ಅದನ್ನು ನೋಡಿದ ಗಿರಾಕಿಗಳು ಇಂಥ ಮಂಚದ ಮೇಲೆ ಯಾರು ಮಲಗಬೇಕು ಎಂದು ಕೆಲಸ ಕೊಡುವುದನ್ನೇ ಬಿಟ್ಟರು. ಅಮ್ಮ ಅವನ ಚಪ್ಪಲಿಯ ಅಟ್ಟೆಗೆ ಲಾಳ ಹೊಡೆಸಿದಳು. ಲಾಳವೂ ಕಲ್ಲಿನ ಮೇಲೆ ಸುಮ್ಮನೆ ಹೋಗಿಬಂತು. ಕೆಮ್ಮು ಹೋಯಿತು. ಕೊನೆಗೆ ಮಾತೂ ಕರಗತೊಡಗಿತು. ಮೊದಲು ಪಿಸುಮಾತಾಯಿತು, ಆಮೇಲೆ ಹತ್ತಿರ ಹೋದರೆ ಮಾತ್ರ ಕೇಳುವಷ್ಟಾಯಿತು. ಇದು ಪೂರ್ತಿ ಹೋದರೆ ಆಮೇಲೆ ಇನ್ನೇನು ಹೋಗುತ್ತದೆಂದು ಯೋಚಿಸುತ್ತ ರಾತ್ರಿ ಎದ್ದು ಅವನ ಹಾಸಿಗೆಯ ಪಕ್ಕ ಕೂರುತ್ತಿದ್ದೆ. ಅವನ ಉಸಿರಾಟ ನೋಡಲು ಎದೆಯ ಮೇಲೆ ಕೈಯಿಟ್ಟು ನೋಡುತ್ತಿದ್ದೆ.

ಒಂದು ಗುರುವಾರ ಮಧ್ಯಾಹ್ನ ಅಮ್ಮ ಪಾತ್ರೆ ತೊಳೆಯಲು ಹಿತ್ತಲಿಗೆ ಹೋಗಿದ್ದಳು. ನಾನು ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದೆ. ಮಾವ ಬೆಂಚಿನ ಮೇಲೆ ಅಂಗಾತ ಮಲಗಿ ಗೊರಕೆ ಹೊಡೆಯುತ್ತಿದ್ದ. ಗೊರಕೆ ನಿಂತಿತು. ಅವನ ಬಾಯಿ ತೆರೆದೇ ಇತ್ತು, ತುಟಿ ಅಲುಗುತ್ತಿರಲಿಲ್ಲ. ಒಳಗಿನಿಂದ ಒಂದು ಹೆಂಗಸಿನ ದನಿ ಬಂತು. ಲಕ್ಕಕ್ಕನ ದನಿ, ಮಲ್ಲಿಗೆ ಕಟ್ಟುವಾಗ ಅವಳು ಹಾಡುತ್ತಿದ್ದ ಹಾಡು, ಒಂದಿಷ್ಟೂ ಶ್ರುತಿ ತಪ್ಪದೆ. ನನ್ನ ಮೈಯೆಲ್ಲ ಮುಳ್ಳೆದ್ದಿತು. ಎದ್ದು ಓಡಬೇಕೆನ್ನಿಸಿತು. ಅದರ ಬದಲು, ಯಾಕೋ, ಹತ್ತಿರ ಹೋಗಿ ಆ ಬಾಯಿಗೆ ಕಿವಿ ಹಿಡಿದೆ. ಹಾಡು ಹತ್ತಿರದ ಕಿವಿಗೆ ಬರುತ್ತದೆ. ಮುಗಿದಾಗ ಅದು ನನ್ನಲ್ಲಿತ್ತು, ಮಾವ ಮತ್ತೆ ಗೊರಕೆ ಹೊಡೆಯುತ್ತಿದ್ದ. ಎಲೆ ತೆಗೆದ ಜಾಗದಲ್ಲಿ ಉಳಿದಿದ್ದ ಲೋಟದ ನೀರು ಮೊದಲಿಗಿಂತ ತುಸು ಕಡಿಮೆ ನಡುಗುತ್ತಿತ್ತು.

ಮರುದಿನ ಬೆಳಿಗ್ಗೆ ಹೂವು ಕೊಳ್ಳುವ ನೆಪದಲ್ಲಿ ಲಕ್ಕಕ್ಕನ ಬುಟ್ಟಿಯ ಮೇಲೆ ಬಾಗಿ ಅವಳ ಕಿವಿಗೆ ಹಾಡಿದೆ. ಒಂದು ಮೊಳ ಹೂವು ಅಳೆದಳು, ಬಳೆ ಘಲ್ಲೆಂದಿತು. ಅವಳು ತನ್ನ ಕೈಯನ್ನೇ ನೋಡಿಕೊಂಡು ಅಳತೊಡಗಿದಳು. "ಸುಮ್ನಿರು ಲಕ್ಕಕ್ಕ, ಯಾರಾದ್ರೂ ನೋಡ್ತಾರೆ," ಎಂದರೆ, "ನೋಡ್ಲಿ ಬಿಡವ್ವ, ಕೇಳ್ತದಲ್ಲ," ಎಂದಳು.

ಆಮೇಲೆ ಗುರುವಾರ ಬಂತೆಂದರೆ ನಾನು ಆ ಬೆಂಚಿನ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ. ಒಂದೊಂದು ಮಧ್ಯಾಹ್ನ ಒಂದು ಹಾಡು ಬರುತ್ತಿತ್ತು, ಒಂದೊಂದು ದಿನ ನಾಲ್ಕೈದು ಬರುತ್ತಿದ್ದವು. ಮುದುಕರ ದನಿ, ಬಾಣಂತಿಯರ ದನಿ, ಗಿರಣಿಯ ಗೆಳತಿಯರ ದನಿ, ಎಲ್ಲವೂ ಮಾವನ ಅಲುಗದ ತುಟಿಗಳ ನಡುವಿನಿಂದ. ಎಷ್ಟು ಸಲ ಕೇಳಿದರೂ ನನಗೆ ಭಯ ಹೋಗಲಿಲ್ಲ. ಹಾಡುಗಳನ್ನು ಗೆಳತಿಯರಿಗೆ ದಾಟಿಸುತ್ತಿದ್ದೆ, ಅವರು ನಲ್ಲಿಯ ಹತ್ತಿರ, ಸಂತೆಯಲ್ಲಿ, ಆಯಾ ಕಿವಿಗೆ ಮುಟ್ಟಿಸುತ್ತಿದ್ದರು. ಭುಜಂಗಯ್ಯನ ಮಗಳು ಎಲ್ಲರಿಗಿಂತ ಚುರುಕು. ಬೀದಿಯಲ್ಲಿ ಮತ್ತೆ ಚಪ್ಪಲಿಗಳ ಸದ್ದು ಕೇಳತೊಡಗಿತು. ಮಾವ ಎದ್ದು ಕಾಫಿ ಕುಡಿಯುತ್ತ, "ಇಲ್ಲಿ ಮಲಗಿದ್ರೆ ಎದೆ ಹಗೂರಾಗುತ್ತೆ ಕಣೆ ಚಂದ್ರಿ," ಎನ್ನುತ್ತಿದ್ದ. ನಾನು ತಲೆ ತಗ್ಗಿಸಿಕೊಂಡು ಅಕ್ಕಿ ಆರಿಸುತ್ತಿದ್ದೆ.

ಆದರೆ ಮೌನೇಶನ ಹಾಡು ಮಾತ್ರ ಬರಲಿಲ್ಲ. ಅವನಿಗಿಂತ ಮೊದಲು ಕಳೆದುಕೊಂಡವರದು ಬಂತು, ಆಮೇಲೆ ಕಳೆದುಕೊಂಡವರದೂ ಬಂತು. ಲೋಟದ ನಡುಕ ವಾರವಾರಕ್ಕೂ ಇಳಿಯುತ್ತಿತ್ತು. ಅತ್ತ ಮೌನೇಶನ ಮಾತು ಪೂರ್ತಿ ನಿಂತು ಬರೀ ತುಟಿ ಅಲುಗತೊಡಗಿತು. ಅವನು ಏನು ಹೇಳುತ್ತಿದ್ದಾನೆಂದು ತಿಳಿಯದೆ ನಾನು ಒಂದು ದಿನ ನೀರು ತಂದುಕೊಟ್ಟೆ, ಅವನು ಕೇಳಿದ್ದು ನೀರಲ್ಲ. ಅದನ್ನು ಹಿಡಿದುಕೊಂಡು ಸುಮ್ಮನೆ ಕೂತ. ಅವನ ಮೇಲೂ ಮಾವನ ಮೇಲೂ ಒಟ್ಟಿಗೇ ಸಿಟ್ಟು ಬಂದು ನಾನು ಹಿತ್ತಲಿಗೆ ಹೋಗಿ ಅತ್ತೆ.

ಕೊನೆಯ ಗುರುವಾರ ಮಾವ ಊಟದ ಹೊತ್ತಿಗಿಂತ ಮುಂಚೆಯೇ ಬಂದ. ಕಾಲು ತೊಳೆದುಕೊಳ್ಳಲಿಲ್ಲ, ಬೆಂಚಿನ ಮೇಲೂ ಮಲಗಲಿಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, "ಒಂದು ಲೋಟ ನೀರು ತಗೊಂಬಾ, ಮೌನನ್ನೂ ಕರಿ," ಎಂದ. ನೀರು ಇಟ್ಟೆ. ನೋಡಿದರೆ ಅದರ ಮೇಲೆ ತೆಳ್ಳಗಿನ ಒಂದೇ ಒಂದು ಬಳೆಯಷ್ಟು ಅಲೆ. "ಲೋಟದ ನಡುಕ ಇಳಿದಿದ್ದು ಇವತ್ತು ಭುಜಂಗಯ್ಯನ ಕಣ್ಣಿಗೆ ಬಿತ್ತು. ಮೇಲಿನವರಿಗೆ ಹೇಳೋಕೆ ಹೋದ. ಬರ್ತಾರೆ," ಎಂದ ಮಾವ.

"ಹಾಗಾದ್ರೆ ಬೇಗ ಮಲಗು ಮಾವ," ಎಂದೆ. ಬಾಯಿಂದ ಬಂದ ಮೇಲೆ ನನ್ನ ಗುಟ್ಟು ನಾನೇ ಬಿಟ್ಟುಕೊಟ್ಟೆನೆಂದು ನಾಲಿಗೆ ಕಚ್ಚಿಕೊಂಡೆ.

ಅವನು ನಕ್ಕ. "ಅದು ನಿದ್ದೇಲಿ ಬರಲ್ಲ ಕಣೆ. ಮಿಕ್ಕಿದ್ದೆಲ್ಲ ತಾವಾಗೇ ಹೋಗ್ಲಿ ಅಂತ ಬಿಟ್ಟಿದ್ದೆ. ಅದೊಂದನ್ನ ನಾನೇ ಬಿಗಿಯಾಗಿ ಹಿಡ್ಕೊಂಡಿದ್ದೆ."

"ನಿನಗೆ ಎಲ್ಲ ಗೊತ್ತಿತ್ತಾ?"

"ಮತ್ತೆ? ಉಪ್ಪಿಲ್ಲದ ಸಾರು ಉಣ್ಣೋಕೆ ವಾರ ವಾರ ಬರ್ತಿದ್ದೆ ಅಂದ್ಕೊಂಡ್ಯಾ?"

ಅಡುಗೆಮನೆಯ ಬಾಗಿಲಲ್ಲಿ ಅಮ್ಮ ಬಂದು ನಿಂತಿದ್ದಳು. ಮೌನೇಶ ಹಿತ್ತಲಿಂದ ಬಂದದ್ದು ಯಾರಿಗೂ ಕೇಳಿರಲಿಲ್ಲ, ಅವನೂ ಅಲ್ಲೇ ಇದ್ದ. ಅಮ್ಮ ಅಷ್ಟು ದಿನಗಳ ಮೇಲೆ ಮೊದಲ ಸಲ ತಮ್ಮನ ಜೊತೆ ಮಾತಾಡಿದಳು. "ಮಗೂನ ಗಂಟಲು ಕಟ್ಟಿಹೋಗೋದನ್ನ ಕಣ್ಣಾರೆ ನೋಡ್ತಾ, ಕೊಡದೆ ಕೂತಿದ್ಯಲ್ಲೋ ಸಿದ್ದ."

ಮಾವ ಲೋಟವನ್ನೇ ನೋಡುತ್ತ ಹೇಳಿದ: "ಹೂಂ ಅಕ್ಕ. ಬೇರೆಯವರ ಹಾಡೆಲ್ಲ ಒಳಗೆ ಗದ್ದಲ ಮಾಡ್ತಿದ್ವು, ಒಂದೂ ಅರ್ಥ ಆಗ್ತಿರಲಿಲ್ಲ. ಇದು ಅರ್ಥ ಆಯ್ತು. ಆ ಬಿದಿರು ಎತ್ತಿ ಇಳಿಸಿ ಕೈ ಸವೆಸಿದೋನು ನಾನು. ನನ್ನಂಥೋನ ಮೇಲೆ ಯಾರು ಹಾಡು ಕಟ್ತಾರೆ ಹೇಳು. ಇನ್ನೊಂದು ವಾರ ಇರ್ಲಿ, ಇನ್ನೊಂದು ವಾರ ಇರ್ಲಿ ಅಂತ ಇಟ್ಕೊಂಡೆ." ಆಮೇಲೆ ಮೌನೇಶನ ಕಡೆ ತಿರುಗಿದ. "ಬಾರೋ, ಕೂತ್ಕೊ. ಚೆನ್ನಾಗಿ ಬರಲ್ಲ, ಬೇಜಾರು ಮಾಡ್ಕೋಬೇಡ."

ಮೌನೇಶ ಅವನ ಬಾಯಿಯ ಹತ್ತಿರ ಕಿವಿ ತಂದು ಕೂತ. ಮಾವ ಎಚ್ಚರದಲ್ಲಿ, ತನ್ನದೇ ದನಿಯಲ್ಲಿ ಹಾಡಿದ. ನಾನು ಬದುಕಿನಲ್ಲಿ ಅಂಥ ಕೆಟ್ಟ ಹಾಡುಗಾರಿಕೆ ಕೇಳಿಲ್ಲ. ಏರುವಲ್ಲಿ ಇಳಿದ, ಇಳಿಯುವಲ್ಲಿ ಎಡವಿದ, "ಬಂದವರೆಷ್ಟು" ಎಂಬಲ್ಲಿ ಉಸಿರು ಸಾಲದೆ ನಿಂತು, ನಡುವೆ ಒಂದು ಹಳ್ಳ ಬಿಟ್ಟು ಮುಂದೆ ಹೋದ. ಹಣೆಯ ಮೇಲೆ ಬೆವರು ಹನಿಗಟ್ಟಿತ್ತು. ಆದರೂ ನಿಲ್ಲಿಸಲಿಲ್ಲ. ಕೊನೆಗೆ ಚಪ್ಪಾಳೆ ತಟ್ಟಿದ, ಎರಡು ತಟ್ಟಿ, ಮೂರನೆಯದನ್ನು ಎಲ್ಲ ಮುಗಿಯಿತೆಂದು ನಾವು ಅಂದುಕೊಂಡ ಮೇಲೆ ತಟ್ಟಿದ. ಲೋಟದ ನೀರಿನ ಮೇಲಿನ ಬಳೆ ಅಂಚಿಗೆ ಹೋಗಿ ಅಳಿಸಿತು. ಮೌನೇಶನ ಕೈ ತಾಗಿ ಲೋಟ ಉರುಳಿತು. ಅದು ಠಣ್ಣೆಂದು ಸದ್ದು ಮಾಡಿತು, ಉರುಳುತ್ತ ಹೋಗಿ ಹೊಸಿಲಿಗೆ ಬಡಿದು ಇನ್ನೊಮ್ಮೆ ಸದ್ದು ಮಾಡಿತು. "ಅಮ್ಮ," ಎಂದ ಮೌನೇಶ. ಒಡೆದ ದನಿ, ಆದರೆ ಬೀದಿಗೆ ಕೇಳುವಷ್ಟು ಗಟ್ಟಿಯಾಗಿತ್ತು.

ಅಮ್ಮ ಅವನನ್ನು ಅಪ್ಪಿಕೊಳ್ಳಲಿಲ್ಲ. ಒಳಗೆ ಹೋಗಿ ಎಲೆ ತಂದು ತಮ್ಮನ ಮುಂದೆ ಹಾಕಿದಳು, ಮೊದಲು ಎಲೆಯ ತುದಿಗೆ ಉಪ್ಪು ಬಡಿಸಿದಳು. ಆಮೇಲೆ ಅನ್ನ, ಸಾರು. ಮಾವ ಉಪ್ಪನ್ನು ಬೆರಳಿನಲ್ಲಿ ಮುಟ್ಟಿ ನಾಲಿಗೆಗೆ ಹಚ್ಚಿಕೊಂಡ. ಅರ್ಧ ಉಂಡಿರುವಾಗ ಬಾಗಿಲಲ್ಲಿ ಬೂಟಿನ ಸದ್ದಾಯಿತು. ಪೊಲೀಸರು ಇಬ್ಬರು. ಮಾವ, "ಕೈ ತೊಳ್ಕೋತೀನಿ ತಡೀರಪ್ಪ," ಎಂದು ಎದ್ದ. ಅವನ ಎದುರು ಕೂತು ಹಾಡಿಸಿಕೊಳ್ಳಲು ಇನ್ನೊಬ್ಬ ಕಿವಿಗಾರ ಇರಲಿಲ್ಲ, ಇದ್ದರೂ ಅವನಲ್ಲಿ ಕೊಡಲು ಏನೂ ಉಳಿದಿರಲಿಲ್ಲ. ಸೀದಾ ಸೇತುವೆಯ ಕಡೆ ಕರೆದುಕೊಂಡು ಹೋದರು.

ನಾವು ಮೂವರೂ ಜಗಲಿಯ ಮೇಲೆ ನಿಂತು ಕೇಳಿದೆವು. ಬೂಟುಗಳ ಹೆಜ್ಜೆ ಒಂದೇ ಸಮ ಬೀಳುತ್ತಿತ್ತು. ಪ್ರತಿ ಸಲವೂ ಅದಾದ ಮೇಲೆ, ತುಸು ತಡವಾಗಿ, ಮಾವನದೊಂದು. ಅವನು ಹಾಡನ್ನು ತಾನಾಗಿ ಕೊಟ್ಟಿದ್ದ, ಅದಕ್ಕೇ ಅವನ ಹೆಜ್ಜೆ ಕೇಳುತ್ತಿತ್ತು. ಸೇತುವೆಯ ಹಲಗೆಗಳ ಮೇಲೂ ಕೇಳಿತು. ಆಚೆ ದಡದಲ್ಲಿ ನಿಂತಿತು.

ಆ ಸರ್ಕಾರ ಹೋಗಿ ಬಹಳ ಕಾಲವಾಯಿತು. ಸೇತುವೆಯ ಆಚೆಗೆ ಜನ ಹೋಗಿ ಹುಡುಕಿ ಬಂದರು, ಬಯಲು ಬಿಟ್ಟರೆ ಏನೂ ಸಿಗಲಿಲ್ಲ. ಮೌನೇಶನ ಹಾಡು ಈಗ ಬಹಿರಂಗವಾಗಿಯೇ ಊರು ಸುತ್ತುತ್ತದೆ. ಮಾವ ಕೊಟ್ಟ ಹಾಗೆಯೇ ಅದು ಉಳಿದುಬಿಟ್ಟಿದೆ. ಏರುವಲ್ಲಿ ಇಳಿಯುತ್ತದೆ, "ಬಂದವರೆಷ್ಟು" ಎಂಬಲ್ಲಿ ಹಳ್ಳ. ಪಟ್ಟಣದಿಂದ ಬಂದ ಸಂಗೀತದ ಮೇಷ್ಟರೊಬ್ಬರು ಅದನ್ನು ತಿದ್ದಿಕೊಡುತ್ತೇನೆ ಎಂದಾಗ ಮೌನೇಶ, "ಬೇಡಿ ಸಾರ್, ಅದಿರೋದೇ ಹಂಗೆ," ಎಂದ. ಅದು ಅವನ ಬಳಿಗೆ ಬಂದ ದಿನ ಗೆಳೆಯರೆಲ್ಲ ನಮ್ಮ ಪಡಸಾಲೆಯಲ್ಲಿ ಸೇರುತ್ತಾರೆ. ಹಾಡು ಮುಗಿದು ಎಲ್ಲರೂ ಮೂರು ಚಪ್ಪಾಳೆ ತಟ್ಟಿದ ಮೇಲೆ, ಖಾಲಿ ಬೆಂಚಿನ ಕಡೆಯಿಂದ ಇನ್ನೊಂದು ಚಪ್ಪಾಳೆ ಕೇಳಿಸುತ್ತದೆ. ಯಾರೂ ತಿರುಗಿ ನೋಡುವುದಿಲ್ಲ. ಅಮ್ಮ ಮಂಡಿ ಹಿಡಿದುಕೊಂಡು ಎದ್ದು ಒಳಗೆ ಹೋಗಿ ಒಂದು ಎಲೆ ತಂದು ಬೆಂಚಿನ ಮುಂದೆ ಹಾಕುತ್ತಾಳೆ. ಮೊದಲು ಉಪ್ಪು ಬಡಿಸುತ್ತಾಳೆ.